ಗುಲ್ಮಾರ್ಗ್ ಸ್ಕೀ ಪ್ರವಾಸ: ಹಿಮ ಬಿದ್ದಿಲ್ಲ, ರದ್ದು ಮಾಡುವುದೋ, ದಿನ ಮುಂದೂಡುವುದೋ?

ಶಿರಾ ಗೇಟ್, ತುಮಕೂರು (ಪ್ರಶ್ನೆ ಕೇಳಿದವರು) – ಜನವರಿ 6, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಸ್ಕೀಯಿಂಗ್‌ಗೆ ಹೋಗಿಬಂದವರು ಕೆಲವರಾದರೂ ಇರಬಹುದೆಂಬ ನಂಬಿಕೆಯಿಂದ ವಿವರವಾಗಿ ಬರೆಯುತ್ತಿದ್ದೇನೆ. ಬರಹ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ ಸಲಹೆ ಕೊಡಿ.

ಜನವರಿ 18ರಿಂದ 24ರವರೆಗೆ ಆರು ಜನ ಕಾಶ್ಮೀರದ ಗುಲ್ಮಾರ್ಗ್‌ಗೆ ಹೊರಟಿದ್ದೇವೆ: ನಾನು, ನಮ್ಮ ಯಜಮಾನರು, ಎಂಜಿನಿಯರಿಂಗ್ ಓದುತ್ತಿರುವ ಮಗಳು, ಒಂಬತ್ತನೇ ತರಗತಿಯ ಮಗ, ಚಿಕ್ಕಬಳ್ಳಾಪುರದಲ್ಲಿರುವ ನನ್ನ ತಮ್ಮ ಮತ್ತು ನಾದಿನಿ. ನಾಲ್ವರು ಐದು ದಿನಗಳ ಸ್ಕೀ ತರಬೇತಿಗೆ ಹೆಸರು ಕೊಟ್ಟಿದ್ದಾರೆ. ನಾನು ಮತ್ತು ನಾದಿನಿ ನೋಡಲು ಹೋಗುವವರು. ಇದು ಮಗಳ ಎರಡು ವರ್ಷದ ಆಸೆ. ಕಾಲಿಗೆ ಬಲ ಬರಲೆಂದು ಆರು ತಿಂಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಮಂದರಗಿರಿಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಳೆ. ಅವಳ ಜೊತೆಗೆ ಹೋಗಿ ಹೋಗಿ ಮಗನಿಗೂ ಅದೇ ಹುಚ್ಚು ಹತ್ತಿದೆ.

ಈಗಿನ ಸಮಸ್ಯೆ ಏನೆಂದರೆ, ನಿನ್ನೆ ಹೋಟೆಲಿನವರು ಕಳುಹಿಸಿದ ವಿಡಿಯೋದಲ್ಲಿ, ಕಲಿಯುವವರು ಸ್ಕೀ ಮಾಡುವ ಕೆಳಗಿನ ಇಳಿಜಾರಿನಲ್ಲಿ ಒಣಗಿದ ಹುಲ್ಲು ಕಾಣುತ್ತಿದೆ. ಮರಗಳ ನೆರಳಿನಲ್ಲಿ ಮಾತ್ರ ತೆಳ್ಳಗೆ ಹಿಮ ಉಳಿದಿದೆ. ಅವರು "ಬೀಳುತ್ತದೆ ಮೇಡಂ, ಇನ್ನೂ ಹನ್ನೆರಡು ದಿನ ಇದೆ" ಎನ್ನುತ್ತಾರೆ. ಅವರನ್ನು ತಪ್ಪು ಎಂದು ಹೇಳಲಾರೆ, ನಂಬಿ ಕೂರಲೂ ಆಗುತ್ತಿಲ್ಲ.

ಹಣದ ಲೆಕ್ಕ ಹೀಗಿದೆ. ದೆಹಲಿ ಮೂಲಕ ಬೆಂಗಳೂರು–ಶ್ರೀನಗರ ಹೋಗಿಬರುವ ಟಿಕೆಟ್ ತಲಾ 13,800 ರೂಪಾಯಿ, ಒಟ್ಟು 82,800. ರದ್ದು ಮಾಡಿದರೆ ಒಂದು ಕಡೆಯ ಪ್ರಯಾಣಕ್ಕೆ ತಲಾ 4,300 ಹಿಡಿಯುತ್ತಾರೆ, ದಿನ ಬದಲಿಸಿದರೆ ಒಂದು ಕಡೆಗೆ ತಲಾ 3,000 ಮತ್ತು ದರದ ವ್ಯತ್ಯಾಸ. ಮೂರು ಕೋಣೆಗಳಿಗೆ 81,000ದಲ್ಲಿ ಅರ್ಧ, ಅಂದರೆ 40,500 ಮುಂಗಡ ಕೊಟ್ಟಾಗಿದೆ. ಪೂರ್ತಿ ವಾಪಸು ಪಡೆಯುವ ಗಡುವು ಮೂರನೇ ತಾರೀಖಿಗೇ ಮುಗಿಯಿತು. 11ರವರೆಗೆ ರದ್ದು ಮಾಡಿದರೆ ಮುಂಗಡದ ಅರ್ಧ ವಾಪಸು, ಅಥವಾ ಒಂದು ಸಲ ದಿನ ಬದಲಿಸಲು ಅವಕಾಶ. 11 ದಾಟಿದರೆ ಏನೂ ಇಲ್ಲ. ತರಬೇತಿಗೆ ನಾಲ್ವರ ಲೆಕ್ಕದಲ್ಲಿ 12,000 ರೂಪಾಯಿಯನ್ನು ಒಬ್ಬ ಏಜೆಂಟರ ಮೂಲಕ ಕಟ್ಟಿದ್ದೇವೆ. ವಾಪಸಿನ ವಿಷಯ ಕೇಳಿದರೆ ಫೋನಿನಲ್ಲಿ "ನೋಡೋಣ" ಎಂದಷ್ಟೇ ಹೇಳುತ್ತಾರೆ, ಬರೆದು ಕೊಡುವುದಿಲ್ಲ.

ಒಟ್ಟು 1,35,300 ರೂಪಾಯಿ. ನಮ್ಮಂಥ ಮನೆಗೆ ಇದು ಸಣ್ಣ ಮೊತ್ತವಲ್ಲ. ಹೋಗುವುದೋ, ರದ್ದು ಮಾಡುವುದೋ, ಫೆಬ್ರುವರಿಗೆ ಮುಂದೂಡುವುದೋ?

ಬಂಗಾರಪೇಟೆ – ಜನವರಿ 6, ರಾತ್ರಿ 10.25

ಮೇಡಂ, 2024ರ ಜನವರಿಯ ಮೂರನೇ ವಾರದಲ್ಲಿ ನಾವು ನಾಲ್ವರು ಅಲ್ಲಿಯೇ ಇದ್ದೆವು. ಆ ವರ್ಷ ಗುಲ್ಮಾರ್ಗ್‌ನಲ್ಲಿ ಹಿಮವೇ ಇಲ್ಲವೆಂದು ದೇಶದ ಪತ್ರಿಕೆಗಳಲ್ಲೆಲ್ಲ ಚಿತ್ರ ಬಂದಿತ್ತು. ನಾವು ಆ ಚಿತ್ರದೊಳಗೇ ನಿಂತಿದ್ದೆವು ಎನ್ನಬಹುದು. ನಮಗೂ ಹೋಟೆಲಿನವರು "ಬೀಳುತ್ತದೆ" ಎಂದೇ ಹೇಳಿದ್ದರು.

ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ಬಯಲೆಲ್ಲ ಬೇಸಿಗೆಯಲ್ಲಿ ನಮ್ಮ ಕಡೆಯ ಕೆರೆಯಂಗಳ ಕಾಣುವಂತೆ ಕಂದು ಬಣ್ಣದಲ್ಲಿತ್ತು. ಬಾಡಿಗೆ ಅಂಗಡಿಗಳ ಮುಂದೆ ಸ್ಕೀ ಹಲಗೆಗಳನ್ನು ಗೋಡೆಗೆ ಒರಗಿಸಿ, ಅಂಗಡಿಯವರು ಕಾಂಗ್ರಿ ಎಂಬ ಕೆಂಡದ ಮಡಕೆಗೆ ಕೈ ಕಾಯಿಸುತ್ತ ಕುಳಿತಿದ್ದರು. ನಮ್ಮ ಹುಡುಗನಿಗೆ ಬೂಟು ಹಾಕಿಸಿ, ನೆರಳಿನಲ್ಲಿ ಉಳಿದಿದ್ದ ಹತ್ತು ಮಾರು ಹಿಮದ ಮೇಲೆ ನಿಲ್ಲಿಸಿದರು. ಅದು ಹಿಮವಲ್ಲ, ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದ ಗಾಜು. ಕಲಿಯುವವರಿಗೆ ಮೊದಲು ಹೇಳಿಕೊಡುವುದು ಸ್ಕೀಗಳ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಮ್ಮಡಿಯ ಕಡೆಯನ್ನು ಅಗಲಿಸಿ, ಒಳ ಅಂಚುಗಳನ್ನು ಒತ್ತಿ ವೇಗ ತಗ್ಗಿಸುವುದನ್ನು. ಆ ಗಟ್ಟಿ ಗಾಜಿನ ಮೇಲೆ ಅಂಚು ಕಚ್ಚಲೇ ಇಲ್ಲ. ಅವನು ಮೂರು ಸಲ ಜಾರಿ, ನಾಲ್ಕನೆಯ ಸಲ ಮಣಿಕಟ್ಟಿನ ಮೇಲೆ ಬಿದ್ದ. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ, ಆದರೆ ತರಬೇತಿ ಅಲ್ಲಿಗೇ ನಿಂತಿತು.

ನಾವು ಊರಿಗೆ ಮರಳಿದ ಮೇಲೆ, ಅದೇ ಜನವರಿಯ ಕೊನೆಯಲ್ಲಿ, ಹಿಮ ಸುರಿಯಿತು. ಹತ್ತು ದಿನ ತಡವಾಗಿ ಹೋಗಿದ್ದರೆ ಎಂಬ ಮಾತು ನಮ್ಮ ಮನೆಯಲ್ಲಿ ಇನ್ನೂ ನಿಂತಿಲ್ಲ. ದಿನ ಮುಂದೂಡಿ ಎಂಬುದೇ ನನ್ನ ಸಲಹೆ.

ಮಾಲೂರು – ಜನವರಿ 7, ಬೆಳಿಗ್ಗೆ 6.50

ನಾನು ಒಪ್ಪುವುದಿಲ್ಲ. ಆರು ಜನರ ರಜೆ ಒಂದೇ ವಾರದಲ್ಲಿ ಕೂಡಿಬರುವುದು ಎಷ್ಟು ಕಷ್ಟವೆಂಬುದು ಸಂಸಾರವಂದಿಗರಿಗೆಲ್ಲ ಗೊತ್ತಿದೆ. ಹಿಮವಿಲ್ಲದಿದ್ದರೂ ದಾಲ್ ಸರೋವರ ಇದೆ, ಎಲೆಯುದುರಿದ ಚಿನಾರ್ ಮರಗಳಿವೆ, ಮೋಡವಿಲ್ಲದ ದಿನ ಗೊಂಡೋಲಾದಲ್ಲಿ, ಅಂದರೆ ತಂತಿಯ ಮೇಲೆ ಸಾಗುವ ಕೇಬಲ್ ಕಾರಿನಲ್ಲಿ, ಅಫರ್ವಾಟ್ ಬೆಟ್ಟದ ಮೇಲಕ್ಕೆ ಹೋದರೆ ಸುತ್ತಲಿನ ಪರ್ವತಗಳು ಕಾಣುತ್ತವೆ. ಒಮ್ಮೆ ಮುಂದೂಡಿದ ಪ್ರವಾಸ ಮತ್ತೆ ಹೊರಡುವುದು ಅಪರೂಪ ಎಂಬುದನ್ನು ನನ್ನ ಮನೆಯ ಅನುಭವದಿಂದಲೇ ಹೇಳುತ್ತಿದ್ದೇನೆ: ಕೇದಾರಕ್ಕೆ ಹೋಗಬೇಕೆಂದು ನಮ್ಮ ತಂದೆಯವರು ಮೂರು ವರ್ಷ ಮುಂದೂಡಿದರು, ನಾಲ್ಕನೆಯ ವರ್ಷ ಅವರಿಗೆ ನಡೆಯಲು ಆಗಲಿಲ್ಲ.

ಕೋಲಾರ (ಟ್ರಾವೆಲ್ಸ್ ನಡೆಸುವವರು) – ಜನವರಿ 7, ಬೆಳಿಗ್ಗೆ 11.15

ಮಾಲೂರಿನವರ ಮಾತಿಗೆ ಬೆಲೆ ಇದೆ, ಆದರೆ ಮೇಡಂ ಅವರ ಪ್ರಶ್ನೆ ಕಾಶ್ಮೀರ ನೋಡುವುದರದ್ದಲ್ಲ, ಸ್ಕೀ ಕಲಿಯುವುದರದ್ದು. ನಾನು ಲೆಕ್ಕವನ್ನಷ್ಟೇ ಬಿಡಿಸಿಡುತ್ತೇನೆ.

ಮೊದಲನೆಯದಾಗಿ, ಕೊಟ್ಟಾಗಿರುವ 1,35,300ನ್ನು ಮನಸ್ಸಿನಿಂದ ಬದಿಗಿಡಿ. "ಇಷ್ಟು ಕೊಟ್ಟಿದ್ದೇವೆ, ಹೋಗಲೇಬೇಕು" ಎಂದು ಹೊರಟವರು ಅಲ್ಲಿ ಹೋಟೆಲಿನ ಬಾಕಿ 40,500, ಕಾರು, ಊಟ, ಗೊಂಡೋಲಾ, ಸ್ಕೀ ಬಾಡಿಗೆ ಎಂದು ಇನ್ನೂ ಸುಮಾರು ಒಂದು ಲಕ್ಷ ಖರ್ಚು ಮಾಡುತ್ತಾರೆ. ನೀವು ನಿರ್ಧರಿಸಬೇಕಾದದ್ದು ಆ ಇನ್ನೊಂದು ಲಕ್ಷವನ್ನು ಹುಲ್ಲಿನ ಇಳಿಜಾರಿಗೆ ಕೊಡುವುದೋ, ಹಿಮ ಇರುವ ವಾರಕ್ಕೆ ಕೊಡುವುದೋ ಎಂಬುದನ್ನು.

ಪೂರ್ತಿ ರದ್ದು ಮಾಡಿದರೆ ವಿಮಾನದಿಂದ 31,200, ಹೋಟೆಲಿನಿಂದ 20,250 ವಾಪಸು ಬರುತ್ತದೆ. ತರಬೇತಿಯ ಹಣ ಬರಲಿಲ್ಲವೆಂದೇ ಹಿಡಿದರೆ ನಷ್ಟ 83,850. ಆರೂ ಜನ ದಿನ ಬದಲಿಸಿದರೆ ಶುಲ್ಕ 36,000, ಅದರ ಮೇಲೆ ದರದ ವ್ಯತ್ಯಾಸ. ಹೊಸ ದಿನದ ದರ ಕಡಿಮೆ ಇದ್ದರೆ ಸಾಮಾನ್ಯವಾಗಿ ವ್ಯತ್ಯಾಸ ವಾಪಸು ಕೊಡುವುದಿಲ್ಲ, ಹೆಚ್ಚಿದ್ದರೆ ಮಾತ್ರ ಕೇಳುತ್ತಾರೆ. ಹಳೆಯ ಟಿಕೆಟ್ ರದ್ದು ಮಾಡಿ ಬೇರೆ ವಿಮಾನದಲ್ಲಿ ಹೊಸದು ಕೊಳ್ಳುವುದು ಲಾಭವಾಗಬೇಕಾದರೆ ಅದು ತಲಾ 2,600 ರೂಪಾಯಿಗಿಂತ ಹೆಚ್ಚು ಅಗ್ಗವಿರಬೇಕು. ಇಲ್ಲದಿದ್ದರೆ ಇದ್ದ ಟಿಕೆಟನ್ನೇ ಬದಲಿಸಿ.

ರದ್ದು ಮಾಡುವವರು ಒಂದು ವಿಷಯ ತಿಳಿದಿರಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ ರದ್ದತಿ ಶುಲ್ಕವು ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ. ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕಗಳನ್ನು, "ವಾಪಸಿಲ್ಲ" ಎಂದು ಮಾರಿದ ಟಿಕೆಟಿನಲ್ಲೂ, ಹಿಂದಿರುಗಿಸಲೇಬೇಕು. ಟಿಕೆಟಿನ ವಿಂಗಡಣೆ ತೆಗೆದು ನೋಡಿ.

ಕೆಲವರು "ಕಾಯಿರಿ, ವಿಮಾನವೇ ರದ್ದಾದರೆ ಪೂರ್ತಿ ಹಣ ಬರುತ್ತದೆ" ಎಂದು ಹೇಳಬಹುದು. ವಿಮಾನ ಸಂಸ್ಥೆಯೇ ರದ್ದು ಮಾಡಿದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ ಎಂಬುದು ನಿಜ. ಆದರೆ ಶ್ರೀನಗರದ ವಿಮಾನಗಳು ಹೆಚ್ಚಾಗಿ ನಿಲ್ಲುವುದು ಹಿಮ ಸುರಿದಾಗ. ಹಿಮ ಬಾರದ ವರ್ಷ ಆಕಾಶ ಶುಭ್ರವಾಗಿರುತ್ತದೆ, ವಿಮಾನಗಳು ಹಾರುತ್ತವೆ. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ನಂತರ ವಿಮಾನ ಸಂಸ್ಥೆಗಳು ಶುಲ್ಕವಿಲ್ಲದೆ ರದ್ದತಿಗೆ ಒಪ್ಪಿದವು, ಮೇ ತಿಂಗಳಲ್ಲಿ ಶ್ರೀನಗರದ ನಿಲ್ದಾಣವೇ ಕೆಲವು ದಿನ ಮುಚ್ಚಿದಾಗಲೂ ನನ್ನ ಗ್ರಾಹಕರಿಗೆ ಹಣ ಬಂತು. ಇಳಿಜಾರಿನಲ್ಲಿ ಹಿಮ ಇಲ್ಲವೆಂಬ ಕಾರಣಕ್ಕೆ ಅಂಥ ರಿಯಾಯಿತಿ ಕೊಟ್ಟದ್ದನ್ನು ನಾನು ನೋಡಿಲ್ಲ.

ತರಬೇತಿಯ ಏಜೆಂಟರಿಗೆ ಈಗಲೇ ಇಮೇಲ್ ಮಾಡಿ. ಫೋನಿನ "ನೋಡೋಣ" ಎಂಬ ಮಾತು ಯಾವ ಕಡತದಲ್ಲೂ ನಿಲ್ಲುವುದಿಲ್ಲ.

ಚಿಂತಾಮಣಿ – ಜನವರಿ 7, ಮಧ್ಯಾಹ್ನ 1.05

ಗುಲ್ಮಾರ್ಗ್ ಬದಲು ಉತ್ತರಾಖಂಡದ ಔಲಿಗೆ ಅಥವಾ ಮನಾಲಿ ಬಳಿಯ ಸೋಲಂಗ್‌ಗೆ ಹೋಗಲಾಗದೇ? ದಿನ ಬದಲಿಸುವ ಬದಲು ಊರು ಬದಲಿಸಿದರೆ ರಜೆಯೂ ಉಳಿಯುತ್ತದೆ.

ಗೌರಿಬಿದನೂರು (ನಿವೃತ್ತ ಸೈನಿಕರು) – ಜನವರಿ 7, ಸಂಜೆ 5.30

ಊರು ಬದಲಿಸುವ ಸಲಹೆಗೆ ಮೊದಲು ಉತ್ತರ ಕೊಡುತ್ತೇನೆ. ನಾನು ಸೇನೆಯಲ್ಲಿದ್ದಾಗ ಗುಲ್ಮಾರ್ಗ್‌ನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್‌ನಲ್ಲಿ ಸ್ಕೀ ಕಲಿತವನು. 1948ರಲ್ಲಿ ಆರಂಭವಾದ ಸಂಸ್ಥೆ ಅದು. ನಮ್ಮ ಕಡೆ ಮುಂಗಾರು ಕೈಕೊಟ್ಟರೆ ಗೌರಿಬಿದನೂರಿನಲ್ಲಿ ಮಾತ್ರ ಕೊಡುವುದಿಲ್ಲ, ಪಾವಗಡದಲ್ಲೂ ಕೊಡುತ್ತದೆ. ಹಿಮಾಲಯದ ಚಳಿಗಾಲವೂ ಹಾಗೆಯೇ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂಬ ಗಾಳಿಮಳೆಯ ಸರಣಿಯೇ ಕಾಶ್ಮೀರಕ್ಕೂ ಹಿಮಾಚಲಕ್ಕೂ ಉತ್ತರಾಖಂಡಕ್ಕೂ ಹಿಮ ತರುತ್ತದೆ. ಅದು ದುರ್ಬಲವಾದ ವರ್ಷ ಗುಲ್ಮಾರ್ಗ್ ಒಣಗಿದ್ದರೆ ಔಲಿ ಹಸನಾಗಿರುವ ಭರವಸೆ ಇಲ್ಲ. ಔಲಿಯಲ್ಲಿ ಕೃತಕ ಹಿಮದ ಯಂತ್ರಗಳನ್ನು ತಂದಿದ್ದರಾದರೂ ಅವನ್ನು ನಂಬಿ ತುಮಕೂರಿನಿಂದ ಹೊರಡುವುದು ಬೇಡ. ಮೇಲಾಗಿ ಔಲಿಯ ಕೆಳಗಿರುವ ಜೋಶಿಮಠದಲ್ಲಿ ಭೂಮಿ ಕುಸಿದ ಕಾರಣ 2023ರ ಜನವರಿಯಲ್ಲಿ ಔಲಿಯ ರೋಪ್‌ವೇ ನಿಂತಿತು. ಡೆಹ್ರಾಡೂನ್‌ನಿಂದ ಜೋಶಿಮಠದವರೆಗಿನ ಬೆಟ್ಟದ ರಸ್ತೆ ಇಡೀ ದಿನದ ಪ್ರಯಾಣ. ಆದ್ದರಿಂದ ಊರನ್ನಲ್ಲ, ದಿನವನ್ನು ಬದಲಿಸಿ.

ಯಾವ ದಿನ ಎಂಬುದಕ್ಕೆ ಕಾಶ್ಮೀರಿಗಳದೇ ಒಂದು ಲೆಕ್ಕ ಇದೆ. ಡಿಸೆಂಬರ್ 21ರಿಂದ ಸುಮಾರು ನಲವತ್ತು ದಿನ ಚಿಲ್ಲೈ ಕಲಾನ್, ಅಂದರೆ ದೊಡ್ಡ ಚಳಿ. ಆಮೇಲೆ ಇಪ್ಪತ್ತು ದಿನ ಚಿಲ್ಲೈ ಖುರ್ದ್. ಕೊನೆಯ ಹತ್ತು ದಿನ ಚಿಲ್ಲೈ ಬಚ್ಚಾ. ಮೊದಲ ನಲವತ್ತು ದಿನದಲ್ಲಿ ಬಿದ್ದ ಹಿಮ ಚಳಿಯಿಂದ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಅಲ್ಲಿನವರ ನಂಬಿಕೆ. ಕಲಿಯುವವರಿಗೆ ಬೇಕಾದದ್ದು ಇದೇ: ಕಲ್ಲು, ಹುಲ್ಲು ಮುಚ್ಚಿ, ಒತ್ತಿ, ಗಟ್ಟಿಯಾದ ತಳ, ಅದರ ಮೇಲೆ ಸ್ವಲ್ಪ ಮೆತ್ತನೆಯ ಹಿಮ. ಎರಡು ಇಂಚು ಬಿದ್ದರೆ ಫೋಟೋಕ್ಕೆ ಸಾಕು, ಸ್ಕೀಗೆ ಸಾಲದು. ಹಾಗಾಗಿ 17ನೇ ತಾರೀಖು ಹಿಮ ಬಿದ್ದರೂ 18ಕ್ಕೆ ಎಲ್ಲವೂ ಸರಿಹೋಗುತ್ತದೆ ಎಂದು ತಿಳಿಯಬೇಡಿ. ಫೆಬ್ರುವರಿಯ ಎರಡನೇ ವಾರ ಹೆಚ್ಚು ನಂಬಿಕೆಗೆ ಅರ್ಹ. ಖಾತ್ರಿ ಎಂದು ಹೇಳುವುದಿಲ್ಲ: 2025ರಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಭಾಗವನ್ನೇ ಫೆಬ್ರುವರಿ ಕೊನೆಯಿಂದ ಮಾರ್ಚ್ 9ಕ್ಕೆ ಮುಂದೂಡಬೇಕಾಯಿತು. ದೇಶದ ಕ್ರೀಡಾಕೂಟವೇ ದಿನ ಬದಲಿಸಿದ ಮೇಲೆ ಒಂದು ಸಂಸಾರ ಬದಲಿಸುವುದಕ್ಕೆ ಸಂಕೋಚ ಬೇಡ.

ಇನ್ನೊಂದು ಮಾತು, ಇದನ್ನು ಕಳಕಳಿಯಿಂದ ಹೇಳುತ್ತಿದ್ದೇನೆ. ಒಣ ದಿನಗಳ ನಂತರ ಒಮ್ಮೆಲೇ ಭಾರಿ ಹಿಮ ಬಿದ್ದರೆ ಹಳೆಯ ಗಟ್ಟಿ ಪದರದ ಮೇಲೆ ಹೊಸದು ಅಂಟಿಕೊಳ್ಳುವುದಿಲ್ಲ. ಮೊದಲ ಒಂದೆರಡು ದಿನ ಮೇಲಿನ ಕಡಿದಾದ ಇಳಿಜಾರುಗಳು ಕುಸಿಯುವ ಅಪಾಯ ಹೆಚ್ಚು. 2023ರ ಫೆಬ್ರುವರಿ 1ರಂದು ಅಫರ್ವಾಟ್‌ನಲ್ಲಿ ಇಬ್ಬರು ಪೋಲೆಂಡಿನವರು, 2024ರ ಫೆಬ್ರುವರಿ 22ರಂದು ಒಬ್ಬ ರಷ್ಯನ್ ಸ್ಕೀಯರ್ ಹಿಮಕುಸಿತದಲ್ಲಿ ತೀರಿಕೊಂಡರು. ಅವರು ಕಲಿಯುವವರಲ್ಲ. ನಿಮ್ಮ ಮಕ್ಕಳಿಗೆ ಕೆಳಗಿನ ತರಬೇತಿಯ ಇಳಿಜಾರು ಸಾಕು, ಯಾರು ಎಷ್ಟೇ ಕರೆದರೂ ಗೊಂಡೋಲಾದ ಎರಡನೇ ಹಂತದಿಂದ ಸ್ಕೀ ಕಟ್ಟಿಕೊಂಡು ಇಳಿಯಲು ಬಿಡಬೇಡಿ.

ತಿಪಟೂರು – ಜನವರಿ 7, ರಾತ್ರಿ 8.20

ವಿಮೆಯ ಕೆಲಸದಲ್ಲಿರುವವಳಾದ್ದರಿಂದ ಇಷ್ಟು ಹೇಳಬಲ್ಲೆ: ಪ್ರಯಾಣ ವಿಮೆಯಲ್ಲಿ ರದ್ದತಿಗೆ ಹಣ ಸಿಗುವುದು ಪಾಲಿಸಿಯಲ್ಲಿ ಬರೆದಿರುವ ಕಾರಣಗಳಿಗೆ, ಉದಾಹರಣೆಗೆ ಪ್ರಯಾಣಿಕರ ಅಥವಾ ಹತ್ತಿರದ ಸಂಬಂಧಿಕರ ಗಂಭೀರ ಕಾಯಿಲೆ, ಮರಣ. "ಹಿಮ ಬೀಳಲಿಲ್ಲ", "ಮನಸ್ಸು ಬದಲಾಯಿತು" ಎಂಬುವು ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಇರುವುದಿಲ್ಲ. ಹೊಸ ದಿನಕ್ಕೆ ವಿಮೆ ಮಾಡಿಸುವುದಾದರೆ ಸಾಹಸ ಕ್ರೀಡೆಯ ಗಾಯಕ್ಕೆ ರಕ್ಷಣೆ ಇದೆಯೇ ಎಂದು ಓದಿ ನೋಡಿ. ಅನೇಕ ಸಾದಾ ಪಾಲಿಸಿಗಳಲ್ಲಿ ಸ್ಕೀಯಿಂಗ್ ಅನ್ನು ಹೊರಗಿಟ್ಟಿರುತ್ತಾರೆ. ನಿಮಗೆ ಮುಖ್ಯವಾಗಿ ಬೇಕಾದದ್ದು ಮುರಿದ ಕಾಲಿಗೆ ಆಸ್ಪತ್ರೆಯ ಖರ್ಚು ಕೊಡುವ ವಿಮೆ.

ಏಜೆಂಟರ ವಿಷಯದಲ್ಲಿ: ಬರವಣಿಗೆಯಲ್ಲಿ ಕೇಳಿ, ಏಳು ದಿನ ಸಮಯ ಕೊಡಿ, ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅಲ್ಲಿಯೂ ಬಗೆಹರಿಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ದಾಖಲಿಸಬಹುದು, ಏಜೆಂಟರ ಊರಿಗೆ ಅಲೆಯಬೇಕಿಲ್ಲ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ.

ಚಿಕ್ಕಬಳ್ಳಾಪುರ – ಜನವರಿ 7, ರಾತ್ರಿ 10.00

ಪ್ರಶ್ನೆ ಕೇಳಿದವರು ನನ್ನ ಅಕ್ಕ. ಮನೆಯಲ್ಲಿ ಹೇಳಲು ಸಂಕೋಚವಾಗಿ ಇಲ್ಲಿ ಬರೆಯುತ್ತಿದ್ದೇನೆ, ಅಕ್ಕ ಬೇಸರ ಮಾಡಿಕೊಳ್ಳಬಾರದು.

ಅಕ್ಕಾ, ಫೆಬ್ರುವರಿಗೆ ಮುಂದೂಡಿದರೆ ನಾನು ಬರಲಾರೆ. ದಿಲ್‌ಖುಷ್ ದ್ರಾಕ್ಷಿಗೆ ಈಗ ಬಣ್ಣ ತಿರುಗುವ ಸಮಯ ಹತ್ತಿರ ಬಂದಿದೆ. ಫೆಬ್ರುವರಿಯಲ್ಲಿ ಕಟಾವು ಯಾವ ದಿನ ಬರುತ್ತದೆಂದು ನಾನು ಹೇಳಲಾರೆ, ವ್ಯಾಪಾರಿ ಬಂದು ಸಿಹಿ ನೋಡಿ ದರ ಕಟ್ಟಿದ ಮೇಲೆ ಎರಡು ದಿನ ತಡವಾದರೂ ಗೊಂಚಲು ಉದುರುತ್ತದೆ. ಜನವರಿಯಲ್ಲಿ ಒಂದು ವಾರ ತೋಟವನ್ನು ಆಳುಗಳ ಮೇಲೆ ಬಿಟ್ಟು ಬರಬಹುದು ಎಂಬ ಕಾರಣಕ್ಕೇ ನೀನು 18ನೇ ತಾರೀಖು ಆರಿಸಿದ್ದು ನನಗೆ ಗೊತ್ತು. ನನಗಾಗಿ ಮಕ್ಕಳು ಹುಲ್ಲಿನ ಮೇಲೆ ನಿಂತು ಬರುವುದು ಬೇಡ. ನಮ್ಮಿಬ್ಬರ ಟಿಕೆಟ್ ರದ್ದು ಮಾಡು, ಆ ನಷ್ಟ ನನ್ನದು. ನೀವು ನಾಲ್ವರು ಫೆಬ್ರುವರಿಯಲ್ಲಿ ಹೋಗಿ.

ಶಿರಾ ಗೇಟ್, ತುಮಕೂರು (ಪ್ರಶ್ನೆ ಕೇಳಿದವರು) – ಜನವರಿ 8, ಬೆಳಿಗ್ಗೆ 5.45

ತಮ್ಮನ ಬರಹ ಓದಿ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅವನನ್ನು ಬಿಟ್ಟು ಹೋಗುವ ವಿಚಾರವೇ ನನ್ನ ತಲೆಯಲ್ಲಿ ಇರಲಿಲ್ಲ. ನಿಜ ಹೇಳಬೇಕೆಂದರೆ, ಈ ಪ್ರಶ್ನೆಯನ್ನು ಇಲ್ಲಿ ತಂದದ್ದೂ ಅದಕ್ಕೇ, ಜನವರಿಯಲ್ಲೇ ಹೋಗಬಹುದು ಎಂದು ಯಾರಾದರೂ ಧೈರ್ಯ ಹೇಳಲಿ ಎಂದು. ಬಂಗಾರಪೇಟೆಯವರ ಮಗನ ಮಣಿಕಟ್ಟಿನ ಮಾತು ಓದಿದ ಮೇಲೆ ಆ ಧೈರ್ಯ ಬರುತ್ತಿಲ್ಲ.

ಗೌರಿಬಿದನೂರಿನ ಹಿರಿಯರಲ್ಲಿ ಒಂದು ಪ್ರಶ್ನೆ: ಇವತ್ತು ಗುರುವಾರ, ಹವಾಮಾನ ಇಲಾಖೆಯ ವಿಸ್ತೃತ ಅವಧಿಯ ಮುನ್ಸೂಚನೆ ಬರುವ ದಿನ. ಅದನ್ನು ನೋಡಿ ನಿರ್ಧರಿಸುವುದು ಸರಿಯೇ?

ಗೌರಿಬಿದನೂರು (ನಿವೃತ್ತ ಸೈನಿಕರು) – ಜನವರಿ 8, ಬೆಳಿಗ್ಗೆ 7.10

ನೋಡಿ, ಆದರೆ ಅದಕ್ಕೆ ಹೊರಲಾರದ ಭಾರ ಹೊರಿಸಬೇಡಿ. ಆ ವರದಿ ಇಡೀ ಪ್ರದೇಶದಲ್ಲಿ ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ಎಂಬುದನ್ನು ಹೇಳುತ್ತದೆ. ಗುಲ್ಮಾರ್ಗ್‌ನ ಒಂದು ಇಳಿಜಾರಿನಲ್ಲಿ 18ರಂದು ಎಷ್ಟು ಹಿಮ ನಿಂತಿರುತ್ತದೆ ಎಂಬುದನ್ನಲ್ಲ. ನಿಮ್ಮ ಗಡುವು 11ನೇ ತಾರೀಖು. ಆ ದಿನಕ್ಕೆ ತಳ ಕಟ್ಟಿಲ್ಲದಿದ್ದರೆ ಮುಂದೂಡಿ, ಕಟ್ಟಿದ್ದರೆ ಹೋಗಿ. 12ರಿಂದ 17ರ ನಡುವೆ ಏನಾಗಬಹುದೆಂದು ಊಹಿಸುತ್ತ ಹೋಟೆಲಿನ ಹಣವನ್ನೂ ಕಳೆದುಕೊಳ್ಳುವುದು ಬೇಡ.

ಕುಣಿಗಲ್ – ಜನವರಿ 8, ಬೆಳಿಗ್ಗೆ 9.30

ಎರಡು ಸಣ್ಣ ವಿಷಯಗಳು. ನಮ್ಮ ಪ್ರೀಪೇಯ್ಡ್ ಸಿಮ್‌ಗಳು ಜಮ್ಮು ಮತ್ತು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಒಂದಾದರೂ ಪೋಸ್ಟ್‌ಪೇಯ್ಡ್ ಇರಲಿ. ಮರಳುವಾಗ ಹಿಮದಿಂದ ವಿಮಾನ ನಿಂತರೆ, 2025ರ ಜೂನ್‌ನಿಂದ ಶ್ರೀನಗರ–ಕಟ್ರಾ ನಡುವೆ ವಂದೇ ಭಾರತ್ ರೈಲು ಇದೆ; ಬನಿಹಾಲ್ ಕಡೆಯ ಹೆದ್ದಾರಿ ಮುಚ್ಚಿದಾಗಲೂ ಕಣಿವೆಯಿಂದ ಹೊರಬರಲು ಅದೊಂದು ದಾರಿ. ಮರಳುವ ದಿನದ ಮಾರನೆಯ ದಿನ ಮುಖ್ಯ ಕೆಲಸ ಇಟ್ಟುಕೊಳ್ಳಬೇಡಿ.

ಮಾಲೂರು – ಜನವರಿ 8, ರಾತ್ರಿ 9.00

ತಮ್ಮನವರ ಬರಹ ಓದಿದ ಮೇಲೆ ನನ್ನ ಅಭಿಪ್ರಾಯ ಬದಲಿಸಿದ್ದೇನೆ. ಮುಂದೂಡುವುದಾದರೆ ಒಂದು ಮಾತು ಮಾತ್ರ: "ಫೆಬ್ರುವರಿಯಲ್ಲಿ ನೋಡೋಣ" ಎಂದು ಬಿಡಬೇಡಿ, ಹಳೆಯ ಟಿಕೆಟ್ ಬಿಡುವ ಹೊತ್ತಿನಲ್ಲೇ ಹೊಸ ದಿನದ ಟಿಕೆಟ್ ಕೈಯಲ್ಲಿರಲಿ.

ಕೋಲಾರ (ಟ್ರಾವೆಲ್ಸ್ ನಡೆಸುವವರು) – ಜನವರಿ 9, ಬೆಳಿಗ್ಗೆ 10.40

ಆರು ಜನರ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿದ್ದರೆ, ದಿನ ಬದಲಿಸುವ ಮೊದಲು ವಿಮಾನ ಸಂಸ್ಥೆಗೆ ಕರೆ ಮಾಡಿ ಇಬ್ಬರನ್ನು ಬೇರೆ ಪಿಎನ್‌ಆರ್‌ಗೆ ಬೇರ್ಪಡಿಸಲು ಹೇಳಿ. ಇದನ್ನು ಮಾಡದೆ ಬದಲಿಸಲು ಹೋಗಿ ಆರೂ ಜನರ ದಿನ ಬದಲಾಗಿ, ಮತ್ತೆ ಇಬ್ಬರದನ್ನು ರದ್ದು ಮಾಡಿ ಎರಡೆರಡು ಶುಲ್ಕ ಕಟ್ಟಿದವರಿದ್ದಾರೆ. ದೆಹಲಿಯಲ್ಲಿ ವಿಮಾನ ಬದಲಿಸುವ ಎರಡೂ ಹಂತಗಳು ಒಂದೇ ಟಿಕೆಟಿನಲ್ಲಿರಲಿ. ಬೇರೆ ಬೇರೆ ಕೊಂಡರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆ ಹೊರುವುದಿಲ್ಲ. ಜನವರಿಯ ದೆಹಲಿ ಮಂಜು ಫೆಬ್ರುವರಿಯ ಎರಡನೇ ವಾರಕ್ಕೆ ಬಹಳಷ್ಟು ತಗ್ಗಿರುತ್ತದೆ, ಅದೂ ನಿಮಗೆ ಅನುಕೂಲವೇ.

ಶಿರಾ ಗೇಟ್, ತುಮಕೂರು (ಪ್ರಶ್ನೆ ಕೇಳಿದವರು) – ಜನವರಿ 11, ಸಂಜೆ 6.15

ನಿರ್ಧಾರವಾಯಿತು. ಗುರುವಾರದ ಮುನ್ಸೂಚನೆ ನೋಡಿದೆ, ಇವತ್ತು ಬೆಳಿಗ್ಗೆ ಹೋಟೆಲಿನವರಿಂದ ಅದೇ ಇಳಿಜಾರಿನ ಹೊಸ ವಿಡಿಯೋ ತರಿಸಿದೆ. ಹುಲ್ಲು ಇನ್ನೂ ಕಾಣುತ್ತಿತ್ತು. ಮಗಳಿಗೆ ತೋರಿಸಿದೆ, ಅವಳು ವಿಡಿಯೋವನ್ನು ಎರಡು ಸಲ ನೋಡಿ, "ಅಮ್ಮಾ, ಇದರಲ್ಲಿ ಬೀಳೋದನ್ನ ಮಾತ್ರ ಕಲೀಬಹುದು" ಎಂದಳು. ಅಲ್ಲಿಗೆ ಜನವರಿಯ ಮಾತು ಮುಗಿಯಿತು.

ಫೆಬ್ರುವರಿ 8ಕ್ಕೆ ಹೊರಟು 14ಕ್ಕೆ ಮರಳುತ್ತೇವೆ. ಮಗಳ ಇಂಟರ್ನಲ್ಸ್ ಫೆಬ್ರುವರಿ ಕೊನೆಗೆ, ಮಗನ ಪರೀಕ್ಷೆ ಮಾರ್ಚಿಗೆ. ಶಿವರಾತ್ರಿಗೆ ಸಿದ್ಧಗಂಗೆಯ ದಾಸೋಹದಲ್ಲಿ ನಮ್ಮ ಮನೆಯವರ ಸೇವೆ ಇರುವುದರಿಂದ ಅದಕ್ಕಿಂತ ಮೊದಲೇ ಊರಿನಲ್ಲಿರಬೇಕು. ಎಲ್ಲವನ್ನೂ ಕೂಡಿಸಿ ಕಳೆದಾಗ ಉಳಿದದ್ದು ಆ ಒಂದೇ ವಾರ.

ಕೋಲಾರದವರು ಹೇಳಿದಂತೆ ಮೊದಲು ಪಿಎನ್‌ಆರ್ ಬೇರ್ಪಡಿಸಿದೆವು. ನಾಲ್ವರ ದಿನ ಬದಲಾವಣೆಗೆ 24,000, ದರದ ವ್ಯತ್ಯಾಸ ತಲಾ 900ರಂತೆ 3,600. ತಮ್ಮ ಮತ್ತು ನಾದಿನಿಯ ಟಿಕೆಟ್ ರದ್ದಾಗಿ 10,400 ವಾಪಸು ಬರಬೇಕು. ತೆರಿಗೆಯ ವಿಂಗಡಣೆ ಹಾಕಿ ನೋಡಿದೆ, ಸರಿಯಾಗಿದೆ. ಹೋಟೆಲಿನವರು ಎರಡು ಕೋಣೆಗಳ ದಿನ ಬದಲಿಸಿ, ಮೂರನೆಯ ಕೋಣೆಯ 13,500 ಮುಂಗಡವನ್ನು ನಮ್ಮ ಬಾಕಿಗೆ ಹೊಂದಿಸಲು ಒಪ್ಪಿ ಇಮೇಲ್ ಕಳುಹಿಸಿದ್ದಾರೆ. ಅವರು ಒಪ್ಪದಿದ್ದರೂ ಕೇಳುವ ಹಕ್ಕು ನನಗಿರಲಿಲ್ಲ, ಹೀಗಾಗಿ ಅವರಿಗೆ ಋಣಿಯಾಗಿದ್ದೇನೆ. ತರಬೇತಿಯ ಏಜೆಂಟರಿಗೆ 7ನೇ ತಾರೀಖಿನ ರಾತ್ರಿಯೇ, ತಿಪಟೂರಿನವರು ಹೇಳಿದ ಗಡುವನ್ನೂ 1915ರ ಮಾತನ್ನೂ ಸೇರಿಸಿ ಇಮೇಲ್ ಬರೆದಿದ್ದೆ. ನಾಲ್ಕು ಜಾಗಗಳನ್ನೂ ಹೊಸ ದಿನಕ್ಕೆ ಬದಲಿಸಿರುವುದಾಗಿ ನಿನ್ನೆ ಬರವಣಿಗೆಯಲ್ಲಿ ಉತ್ತರ ಬಂದಿದೆ.

ನನ್ನ ತಮ್ಮ ಆ ನಷ್ಟವನ್ನು ತಾನೇ ಭರಿಸುತ್ತೇನೆಂದು ಹಟ ಹಿಡಿದಿದ್ದಾನೆ, ನಾನು ಒಪ್ಪಿಲ್ಲ. ತರಬೇತಿಯಲ್ಲಿ ಅವನ ಜಾಗ ಖಾಲಿ ಉಳಿದಿತ್ತು. ಯಾರಿಗೆ ಕೊಡುವುದೆಂದು ಎರಡು ದಿನ ಯೋಚಿಸಿದೆವು. ನಲವತ್ತಾರನೆಯ ವಯಸ್ಸಿನಲ್ಲಿ ನಾನೇ ಕಲಿಯುವುದೆಂದು ತೀರ್ಮಾನವಾಗಿದೆ. ಮೊಣಕಾಲು ನೋವಿಲ್ಲ, ಆದರೆ ಅಭ್ಯಾಸವೂ ಇಲ್ಲ. ಇರುವ ನಾಲ್ಕು ವಾರದಲ್ಲಿ ಏನು ಮಾಡಬೇಕೆಂದು ಗೌರಿಬಿದನೂರಿನ ಹಿರಿಯರು ತಿಳಿಸಬೇಕು.

ಗೌರಿಬಿದನೂರು (ನಿವೃತ್ತ ಸೈನಿಕರು) – ಜನವರಿ 11, ರಾತ್ರಿ 8.05

ಬಹಳ ಸಂತೋಷವಾಯಿತು ಅಮ್ಮಾ. ಮಗಳ ಜೊತೆ ಮಂದರಗಿರಿ ಹತ್ತಿ, ಆದರೆ ಹತ್ತುವುದಕ್ಕಿಂತ ನಿಧಾನವಾಗಿ ಇಳಿಯುವುದೇ ನಿಮಗೆ ಹೆಚ್ಚು ಉಪಯೋಗ, ಏಕೆಂದರೆ ಸ್ಕೀಯಲ್ಲಿ ತೊಡೆಯ ಮುಂಭಾಗ ಇಡೀ ದಿನ ತಡೆಯುವ ಕೆಲಸ ಮಾಡುತ್ತಿರುತ್ತದೆ. ಮನೆಯಲ್ಲಿ ಬೆನ್ನನ್ನು ಗೋಡೆಗೆ ಒರಗಿಸಿ, ಕುರ್ಚಿ ಇಲ್ಲದೆ ಕುರ್ಚಿಯಲ್ಲಿ ಕೂತಂತೆ ಕೂತುಕೊಳ್ಳಿ. ಮೊದಲ ವಾರ ಅರ್ಧ ನಿಮಿಷ, ಆಮೇಲೆ ಹೆಚ್ಚಿಸುತ್ತ ಹೋಗಿ. ಬಾಡಿಗೆ ಬೂಟು ತೆಗೆದುಕೊಳ್ಳುವಾಗ ನೆಟ್ಟಗೆ ನಿಂತರೆ ಬೆರಳ ತುದಿ ಮುಂದಕ್ಕೆ ತಾಗಬೇಕು, ಮೊಣಕಾಲು ಬಗ್ಗಿಸಿ ಮುಂದೆ ವಾಲಿದರೆ ಬೆರಳು ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಎರಡು ಜೊತೆ ಕಾಲುಚೀಲ ಹಾಕಬೇಡಿ, ಉದ್ದನೆಯದು ಒಂದೇ ಸಾಕು. ಅಂಗಡಿಯವರು ಅವಸರ ಮಾಡಿದರೂ ಹತ್ತು ನಿಮಿಷ ಹಾಕಿಕೊಂಡು ನಡೆದಾಡಿದ ಮೇಲೆಯೇ ಹಣ ಕೊಡಿ.

ಶಿರಾ ಗೇಟ್, ತುಮಕೂರು (ಪ್ರಶ್ನೆ ಕೇಳಿದವರು) – ಜನವರಿ 11, ರಾತ್ರಿ 9.30

ಈಗಷ್ಟೇ ಗೋಡೆಗೆ ಒರಗಿ ಕೂತೆ. ಮಗ ಗಡಿಯಾರ ಹಿಡಿದಿದ್ದ: ಇಪ್ಪತ್ತೆರಡು ಸೆಕೆಂಡು. ನಾಳೆ ಬೆಳಿಗ್ಗೆ ಮತ್ತೆ ಕೂರುತ್ತೇನೆ.